ಮಜ್ಜಿಗೆ ಹೊತ್ತ ದಿನ

ನಾನು ಒಂದು ತಂಪುಪೆಟ್ಟಿಗೆ. ನೀಲಿ ಮೈ, ಬಿಳಿ ಮುಚ್ಚಳ. ಕಾರ್ಖಾನೆಯ ಅಚ್ಚಿನಿಂದ ಬಿಸಿಬಿಸಿಯಾಗಿ ಹೊರಬಿದ್ದ ನನಗೆ ವಹಿಸಿದ ಕೆಲಸ ಒಂದೇ: ಹೊರಗೆ ಎಷ್ಟೇ ಸುಡಲಿ, ಹೊಟ್ಟೆ ತಣ್ಣಗಿರಬೇಕು.

ರಾಯಚೂರು ಸೀಮೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಗೌಸಿಯಾ ಸಿಸ್ಟರ್ ಕೈ ಸೇರಿದೆ. ಬಸುರಿಯರ ರಕ್ತದ ನಳಿಕೆಗಳನ್ನು ನನ್ನೊಳಗೆ ಮಲಗಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಜಿಲ್ಲೆಯ ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದಳು.

"ಐಸ್‌ಕ್ರೀಮೇನ್ರೀ ಸಿಸ್ಟರ್?" ಎಂದು ಕಂಡಕ್ಟರ್ ಕೆಣಕಿದರೆ, "ನಿನ್ನ ಹೆಂಡ್ತಿ ರಕ್ತನೂ ಐತಿ ಇದ್ರಾಗ, ತಿಂತಿಯೇನು?" ಎನ್ನುತ್ತಿದ್ದಳು.

ಅವಳು ಬಸುರಿಯರಿಗೆ ಹೇಳುವುದನ್ನು ಕೇಳಿ ನಾನೂ ಕಲಿತೆ. ಹೊಟ್ಟೆಯೊಳಗೆ ಮಗುವನ್ನು ಪೋಷಿಸುವ ಮಾಸು ಸಂಕಟದಲ್ಲಿದ್ದರೆ ರಕ್ತದಲ್ಲಿ ಒಂದು ಪ್ರೋಟೀನು ಏರುತ್ತದೆ, ಇನ್ನೊಂದು ಇಳಿಯುತ್ತದೆ. ಬಿಪಿ ಏರಿ ಫಿಟ್ಸ್ ಬರುವ ಮೊದಲೇ ಅವು ಸುಳಿವು ಕೊಡಬಲ್ಲವು. ಆದರೆ ರಕ್ತ ತಂಪಾಗಿ ಹೋಗಬೇಕು.

ಏಪ್ರಿಲ್‌ನ ಒಂದು ಬೆಳಿಗ್ಗೆ, ಎಂಟು ಗಂಟೆಗೆ ಹುಲಿಗೆಮ್ಮ ಬಂದಳು. ಏಳು ತಿಂಗಳು. ಕಾಲು ಊದಿ ಕಾಲುಂಗುರಗಳು ಮಾಂಸದಲ್ಲಿ ಹೂತುಹೋಗಿದ್ದವು. ಕಾಲು ಬಾತರೆ ಗಂಡುಮಗು ಎಂದು ಜೊತೆಗಿದ್ದ ಅತ್ತೆಗೆ ಸಂಭ್ರಮ. ಗೌಸಿಯಾ ಸೋಪು ಹಚ್ಚಿ, ಮಾತಾಡಿಸುತ್ತ, ನೋಯದಂತೆ ಉಂಗುರ ಬಿಡಿಸಿದಳು. ಬಿಪಿ ಗಡಿಯಲ್ಲಿತ್ತು. ರಕ್ತ ತೆಗೆದುಕೊಂಡು ಮನೆಗೆ ಕಳಿಸಿ, ವರದಿ ನೋಡಿ ಆಸ್ಪತ್ರೆಗೆ ದಾಖಲಿಸೋಣ ಎಂದರು ಡಾಕ್ಟರು.

ಅಂದೇ ಉದ್ಘಾಟನೆ. ಯಾವುದರದು ಗೊತ್ತೇ? ನಾಲ್ಕು ತಿಂಗಳಿಂದ ನಡೆಯುತ್ತಿದ್ದ ಇದೇ ರಕ್ತಪರೀಕ್ಷೆಯದು! ಗುಮಾಸ್ತ ಪಂಪನಗೌಡ ಬಂದು ನನ್ನ ಹಿಡಿಗೆ ಕೈ ಹಾಕಿದ.

"ಇದು ರಕ್ತದ ಡಬ್ಬಿರೀ," ಎಂದಳು ಗೌಸಿಯಾ.

"ಸಾಹೇಬ್ರಿಗೆ ಬಿಸಿ ಮಜ್ಜಿಗಿ ಕುಡಸ್ಲೇನವ್ವಾ? ಎರಡ ತಾಸಿನ ಮಾತು. ತೊಳದು ಕೊಡ್ತೀನಿ."

ಆಸ್ಪತ್ರೆಯ ಫ್ರಿಜ್ಜು ಕೆಟ್ಟು ತಿಂಗಳಾಗಿತ್ತು. ಹುಲಿಗೆಮ್ಮನ ರಕ್ತ ಕಿಟಕಿ ಪಕ್ಕದ ಮೇಜಿನ ಮೇಲೆ ಉಳಿಯಿತು. ನಾನು ಪೆಂಡಾಲಿನಲ್ಲಿ ಮಜ್ಜಿಗೆ ಪ್ಯಾಕೆಟ್ಟು ಹೊತ್ತು, ತಾಯಂದಿರ ರಕ್ಷಣೆಯ ಬಗ್ಗೆ ಐದು ಭಾಷಣ ಕೇಳಿದೆ. ಚಪ್ಪಾಳೆ ಬಿದ್ದಾಗಲೆಲ್ಲ ನನ್ನ ಮುಚ್ಚಳ ತೆರೆಯುತ್ತಿದ್ದರು.

ಹಿಂದಿರುಗಿದಾಗ ನಾಲ್ಕು ಗಂಟೆ. ಗೌಸಿಯಾ ನನ್ನನ್ನು ಉಜ್ಜಿ ತೊಳೆದು, ಹುಲಿಗೆಮ್ಮನ ರಕ್ತದ ನಳಿಕೆ ಒಳಗಿಟ್ಟು, ಓಡಿ ಬಸ್ಸು ಹಿಡಿದಳು.

ಮರುದಿನ ಸಂಜೆ ಫೋನು ಬಂತು: ರಕ್ತ ಕೆಟ್ಟಿದೆ, ಮತ್ತೆ ಕಳಿಸಿ. ಮೂರನೆಯ ದಿನ ನಸುಕಿನಲ್ಲೇ ಹುಲಿಗೆಮ್ಮನ ಊರಿಗೆ ಗೌಸಿಯಾ ನನ್ನನ್ನು ಹೊತ್ತು ಹೋದಾಗ, ಅಂಗಳದಲ್ಲಿ ಆಂಬುಲೆನ್ಸ್ ನಿಂತಿತ್ತು. ಫಿಟ್ಸ್ ಬಂದಿತ್ತು. ತಾಯಿ ಉಳಿದಳು. ಮಗು ಉಳಿಯಲಿಲ್ಲ. ಹೆಣ್ಣುಮಗು.

ಈಗ ನನ್ನ ಕೀಲು ಮುರಿದಿದೆ. ಉಗ್ರಾಣದ ಮೂಲೆಯಲ್ಲಿ, ಅದೇ ಉದ್ಘಾಟನೆಯ ಬ್ಯಾನರಿನ ಕೆಳಗಿದ್ದೇನೆ. ಗೌಸಿಯಾ ಒಮ್ಮೆ ಇಲ್ಲಿ ಕೂತು ಹುಲಿಗೆಮ್ಮನ ಕೇಸ್ ಶೀಟಿನ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದ್ದಳು: "ರೋಗಿ ತಡವಾಗಿ ಬಂದಿದ್ದಾರೆ." ಓದಿ, ನನ್ನ ಮುಚ್ಚಳದ ಮೇಲೆ ಕೈಯಿಟ್ಟಿದ್ದಳು.

ಸುಳ್ಳು. ಹುಲಿಗೆಮ್ಮ ಎಂಟಕ್ಕೇ ಬಂದಿದ್ದಳು, ಆ ಊದಿದ ಕಾಲಲ್ಲಿ ನಡೆದು. ತಡವಾಗಿ ಬಂದದ್ದು ನಾನು, ಹೊಟ್ಟೆ ತುಂಬ ಹುಳಿ ಮಜ್ಜಿಗೆಯ ವಾಸನೆ ಹೊತ್ತು. ಬರೆಯುವುದಿದ್ದರೆ ಅದನ್ನು ಬರೆಯಿರಿ.