ತರುಗು ಕಳೆದ ಮುದ್ದೆ

ಮೂಟೆಯ ಬಾಯಿಗೆ ಕೈ ಹಾಕಿ, ಒಂದು ಹಿಡಿ ಹುಣಸೆ ಹಿಂಡಿ, ಇದರಲ್ಲಿ ಇಷ್ಟು ಬೀಜ, ಇಷ್ಟು ನಾರು, ಇಷ್ಟು ನೀರು ಎಂದು ಹೇಳಬಲ್ಲವರು ಹಿಂದೂಪುರದ ಮಂಡಿಯಲ್ಲಿ ಬಹಳ ಜನ ಇದ್ದಾರೆ. ಹೇಳಿ, ರೈತನನ್ನು ನಗಿಸಿ, ಆ ನಗು ಮುಗಿಯುವುದರೊಳಗೆ ಕ್ವಿಂಟಾಲಿಗೆ ಎರಡು ಕಿಲೋ ಕಳೆದುಬಿಡುವವನು ದಲ್ಲಾಳಿ ರೇಣುಕಾಪ್ರಸಾದ ಒಬ್ಬನೇ. ಹೀಗೆ ಕಳೆಯುವುದಕ್ಕೆ ಅಲ್ಲಿ ತರುಗು ಎನ್ನುತ್ತಾರೆ. ಗೋಣಿಚೀಲಕ್ಕೆ ಒಂದಿಷ್ಟು, ಬೀಜಕ್ಕೆ ಒಂದಿಷ್ಟು, ನಾಳೆ ಒಣಗಿಹೋಗುವ ನೀರಿಗೆ ಒಂದಿಷ್ಟು. ಇಪ್ಪತ್ತು ವರ್ಷದಿಂದ ಬೇರೆಯವರ ಸರಕಿನಿಂದ ಕಳೆಯುತ್ತಲೇ ಬಂದವನಿಗೆ, ನಿನ್ನ ಮೈಯಿಂದ ಏಳು ಕಿಲೋ ಕಳೆ ಎಂದಾಗ ಇದೇನು ಮಹಾ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಕಳೆ ಎಂದವರು ಬೆಂಗಳೂರಿನ ಆಸ್ಪತ್ರೆಯ ಡಾಕ್ಟರು. ಕಲ್ಯಾಣದುರ್ಗಕ್ಕೆ ಮದುವೆಯಾಗಿ ಹೋಗಿದ್ದ ಅವನ ತಂಗಿ ಶಿವಲೀಲಾಳ ಎರಡು ಕಿಡ್ನಿಗಳೂ ಒಂದೂವರೆ ವರ್ಷದ ಹಿಂದೆ ಕೈ ಎತ್ತಿದ್ದವು. ವಾರಕ್ಕೆ ಮೂರು ದಿನ ಡಯಾಲಿಸಿಸ್ ಕುರ್ಚಿಯಲ್ಲಿ ನಾಲ್ಕು ನಾಲ್ಕು ಗಂಟೆ ಕೂರುವುದೇ ಅವಳ ನೌಕರಿಯಾಗಿತ್ತು. ಅಣ್ಣ ತನ್ನದೊಂದನ್ನು ಕೊಡುತ್ತೇನೆಂದು ಮುಂದೆ ಬಂದ. ರಕ್ತ ಹೊಂದಿತು, ಬಿಪಿ ಒಪ್ಪಿತು, ಸಕ್ಕರೆ ಸುಮ್ಮನಿತ್ತು. ಎಲ್ಲವೂ ಸರಾಗವಾಗಿ ಸಾಗಿ ತೂಕದ ಮೆಷಿನ್ನಿನ ಮೇಲೆ ಬಂದು ನಿಂತಿತು. ತೊಂಬತ್ತೊಂದು.

"ಎಂಬತ್ತನಾಲ್ಕರ ಒಳಗೆ ಬನ್ನಿ. ನಾಲ್ಕು ತಿಂಗಳು ಟೈಮ್," ಎಂದರು ಡಾಕ್ಟರು. "ಈ ಕೊಬ್ಬಿಟ್ಟುಕೊಂಡು ಆಪರೇಷನ್ ಮಾಡಿದ್ರೆ ನಿಮಗೆ ಕಷ್ಟ. ತಡ ಮಾಡಿದ್ರೆ ನಿಮ್ಮ ತಂಗಿಗೆ ಕಷ್ಟ."

"ಕಿಡ್ನಿನೇ ಕೊಡೋನು ಏಳು ಕಿಲೋ ಕೊಡಲ್ವಾ ಸಾರ್? ಬರ್ಕೊಳ್ಳಿ, ಮೂರೇ ತಿಂಗಳು," ಎಂದ ರೇಣುಕಾಪ್ರಸಾದ. ಅದೇ ಆಸ್ಪತ್ರೆಯ ಡಯಟಿಷಿಯನ್ ಮೇಡಂ ಹತ್ತಿರ ಹೋಗಿ ಎಂದು ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಜೇಬಿಗಿಟ್ಟುಕೊಂಡ. ಟೋಕನ್ ತೆಗೆದುಕೊಂಡು ಕೂರುವಷ್ಟು ಪುರಸೊತ್ತು ಯಾರಿಗಿದೆ? ವಾಪಸ್ಸು ಬರುವ ರೈಲಿನಲ್ಲೇ, ಯಲಹಂಕ ದಾಟುವಷ್ಟರಲ್ಲಿ, ಕ್ಯಾಲೊರಿ ಎಣಿಸುವ ಒಂದು ಆಪನ್ನು ಫೋನಿಗೆ ಇಳಿಸಿಕೊಂಡ. ಆಪದ್ಬಾಂಧವ ಎಂದರೆ ಹೀಗೆ ಕೂತಲ್ಲಿಗೇ ಬರಬೇಕು.

ಆಪದ್ಬಾಂಧವನಿಗೆ ಕನ್ನಡ ಬರುತ್ತಿರಲಿಲ್ಲ. ತೆಲುಗು ಬರುತ್ತಿತ್ತು, ಅದೂ ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಅನೌನ್ಸ್ ಮಾಡುವ ಹೆಂಗಸಿನ ದನಿಯಲ್ಲಿ. ಹೆಸರಿನ ಜಾಗದಲ್ಲಿ ಪೂರಾ ಹೆಸರು ಕೊಟ್ಟರೂ ಅದು ರೇಣುಕಾ ಮಾತ್ರ ಇಟ್ಟುಕೊಂಡು ಪ್ರಸಾದವನ್ನು ಬಿಟ್ಟಿತು. ಪ್ರಸಾದ ಅಂದರೆ ತಿನ್ನುವ ಪದಾರ್ಥ, ಡಯಟ್ಟಿಗೆ ಆಗದು ಅಂದುಕೊಂಡಿತೋ ಏನೋ.

ಬೆಳಗಿನ ತಿಂಡಿಗೆ ಅದು ಆವಕಾಡೊ ತಿನ್ನಲು ಹೇಳಿತು. ರೇಣುಕಾಪ್ರಸಾದ ಹೆಂಡತಿ ಹೇಮಾವತಿಯ ಮುಖ ನೋಡಿದ.

"ಆವಕಾಡೂ ಇಲ್ಲ, ಈ ಕಾಡೂ ಇಲ್ಲ. ಮಂಡಕ್ಕಿ ಉಗ್ಗಾಣಿ ಐತೆ, ತಿಂದು ಹೋಗ್ರಿ," ಎಂದಳು ಅವಳು.

ಮುದ್ದೆ ಎಂದು ಹುಡುಕಿದರೆ ಮೂರು ಬಗೆಯ ಮುದ್ದೆ ಬಂದವು. ಒಂದಕ್ಕೆ ತೊಂಬತ್ತಾರು ಕ್ಯಾಲೊರಿ, ಒಂದಕ್ಕೆ ಇನ್ನೂರ ಮೂವತ್ತು, ಇನ್ನೊಂದಕ್ಕೆ ನಾನೂರ ಹನ್ನೆರಡು. ಯಾವ ಮುದ್ದೆ, ಯಾರ ಮನೆ ಮುದ್ದೆ, ಯಾವ ಕೈ ಕಟ್ಟಿದ್ದು, ಒಂದಕ್ಕೂ ವಿವರ ಇಲ್ಲ. ಮಂಡಿಯಲ್ಲಿ ಮೂರು ರೇಟು ಕೂಗಿದರೆ ದಲ್ಲಾಳಿ ಯಾವುದನ್ನು ಹಿಡಿಯುತ್ತಾನೆ? ರೇಣುಕಾಪ್ರಸಾದ ತೊಂಬತ್ತಾರನ್ನು ಹಿಡಿದ.

ಸಂಜೆ ಆಪು ಉಲಿಯಿತು: "ಶಭಾಷ್ ರೇಣುಕಾ ಗಾರು! ಮೀರು ಇಂಕಾ ಮೂಡು ವಂದಲ ಕ್ಯಾಲರೀಲು ತಿನವಚ್ಚು!"

ಇನ್ನೂ ಮುನ್ನೂರು ತಿನ್ನಬಹುದಂತೆ. ತಿನ್ನಬಹುದು ಎಂದು ಹೇಳಿದ ಮೇಲೆ ತಿನ್ನದಿದ್ದರೆ ಮರ್ಯಾದೆಯಲ್ಲ. ಅವನು ಮಂಡಿ ಯಾರ್ಡಿನ ಮುಂದಿನ ತಳ್ಳುಗಾಡಿಯಲ್ಲಿ ಎರಡು ಮೆಣಸಿನಕಾಯಿ ಬಜ್ಜಿ ತಿಂದು ಬಂದ.

"ಸಾವ್ಕಾರ್ರೇ, ಅದೇನು ಫೋನ್ನಾಗೆ ಖಾಲಿ ಲಾರಿ, ಖಾಲಿ ಲಾರಿ ಅಂತೈತಲ್ಲ? ಯಾವ ಲಾರಿ ಬಂದೈತೆ?" ಎಂದು ಕೇಳಿದ ಜಯರಾಮಪ್ಪ. ಮಂಡಿಯ ತಕ್ಕಡಿಯ ಮುಂದೆ ಕೂತು ಕೂದಲು ಬೆಳ್ಳಗಾದ ತೂಕದಾಳು ಅವನು.

"ಕ್ಯಾಲೊರಿ ಕಣಯ್ಯ. ಮೈಯಾಗಿನ ಲೋಡು."

"ಹಂಗಾದ್ರೆ ನಿಮ್ಮದು ಖಾಲಿ ಅಲ್ಲ ಬಿಡಿ, ಫುಲ್ ಲೋಡು," ಎಂದು ಜಯರಾಮಪ್ಪ ಮುಂದಿನ ಮೂಟೆಯನ್ನು ತಕ್ಕಡಿಗೆ ಎಳೆದುಕೊಂಡ.

ಹೀಗೆ ಆರು ವಾರ ನಡೆಯಿತು. ಅವನು ಬರೆದ ತಿಂಡಿಯ ಲೆಕ್ಕದಿಂದಲೇ ಆಪು ಎಳೆದ ತೂಕದ ಗ್ರಾಫಿನಲ್ಲಿ ರೇಣುಕಾಪ್ರಸಾದ ಜಾರುಬಂಡೆಯಿಂದ ಇಳಿಯುವ ಮಗುವಿನ ಹಾಗೆ ಸೊಯ್ಯನೆ ಇಳಿದು, ಎಂಬತ್ತೈದೂವರೆಗೆ ಬಂದಿದ್ದ. ಮಂಡಿಯ ತಕ್ಕಡಿಯ ಮೇಲೆ ನಿಂತರೆ ತೊಂಬತ್ತು ಕಿಲೋ ಇನ್ನೂರು ಗ್ರಾಂ. ಆ ತೂಕವನ್ನೇ ಆಪಿಗೆ ತಿನ್ನಿಸಿದ. ಅದು ಒಂದು ಗಳಿಗೆ ಸುತ್ತಿ, ಇನ್ನು ಮುಂದೆ ದಿನಕ್ಕೆ ಸಾವಿರದ ನೂರೇ ಕ್ಯಾಲೊರಿ ಎಂದು ಕೋಟಾ ಇಳಿಸಿತು. ಯಾಕೆ ಎಂದು ಕೇಳಲಿಲ್ಲ, ಎಲ್ಲಿ ತಪ್ಪಿತು ಎಂದು ನೋಡಲಿಲ್ಲ. ನಾಲ್ಕು ದಿನ ಅರ್ಧ ಹೊಟ್ಟೆಯಲ್ಲಿದ್ದ. ಐದನೇ ದಿನ ಹರಾಜಿನ ನಡುವೆ ತಲೆ ಸುತ್ತಿ ಬಂದು, ತಾನೇ ಕೂಗಿದ ರೇಟಿನ ಮೇಲೆ ತಾನೇ ಏರಿಸಿ ಕೂಗಿದ. ಯಾರ್ಡಿಗೆ ಯಾರ್ಡೇ ನಕ್ಕಿತು. ಆ ಸಂಜೆ ಅವನು ತಿಂದದ್ದನ್ನು ಆಪಿಗೆ ಹೇಳಲಿಲ್ಲ. ನಾವೂ ಹೇಳುವುದು ಬೇಡ.

ಭಾನುವಾರ ತಂಗಿಯನ್ನು ನೋಡಲು ಕಲ್ಯಾಣದುರ್ಗದ ಬಸ್ಸು ಹತ್ತಿದ. ಮೂರು ಗಂಟೆ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಇಳಿದರೆ, ರಸ್ತೆಯ ಕುಲುಕಾಟವನ್ನೆಲ್ಲ ನಡಿಗೆ ಎಂದು ಎಣಿಸಿಕೊಂಡಿದ್ದ ಫೋನು ನಾಲ್ಕು ಸಾವಿರ ಹೆಜ್ಜೆ ತೋರಿಸಿ, ಆ ಲೆಕ್ಕಕ್ಕೆ ನೂರೈವತ್ತು ಕ್ಯಾಲೊರಿ ಬಹುಮಾನ ಕೊಟ್ಟಿತು. ಬೇಡ ಅನ್ನಲಿಲ್ಲ ಇವನೂ.

ಶಿವಲೀಲಾ ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟು, ಅಣ್ಣನ ಫೋನಿನಲ್ಲಿ ಆಗಾಗ ಕೇಳಿದ್ದ ಆ ಮೈಕಿನ ಹೆಂಗಸಿನ ರಾಗ ಎಳೆದಳು. "ರೇಣುಕಾ ಗಾರು... ಪ್ಲಾಟ್‌ಫಾರಂ ನಂಬರ್ ಒಕಟಿಕಿ... ದಯಚೇಸಿ ಹೊಟ್ಟೆ ಒಳಗೆ ತಗೊಂಡು ನಿಲ್ಲವಲೆನು!" ಅಣಕಿಸಲು ಹೊರಟರೆ ಅವಳು ಡಾಕ್ಟರನ್ನೂ ಬಿಡುತ್ತಿರಲಿಲ್ಲ, ಡಯಾಲಿಸಿಸ್ ಮೆಷಿನ್ನಿನ ಕುಂಯ್ ಕುಂಯ್ ಅನ್ನೂ ಬಿಡುತ್ತಿರಲಿಲ್ಲ. ಮುಖ ಊದಿಕೊಂಡಿತ್ತು. ಎಡಗೈಯಲ್ಲಿ ಸೂಜಿ ಚುಚ್ಚುವ ಜಾಗ ಹಗ್ಗದಂತೆ ಉಬ್ಬಿತ್ತು. ದನಿ ಮಾತ್ರ ಹಳೆಯದೇ.

"ನಗು, ನಗು. ಆಪರೇಷನ್ ಆದ್ಮೇಲೆ ನನ್ನ ಕಿಡ್ನಿ ನಿಂಗೆ ಬುದ್ಧಿ ಕಲಿಸ್ತೈತೆ," ಎಂದು ಅವನು ಕಾಲು ತೊಳೆದುಕೊಂಡು ಒಳಗೆ ಬಂದ.

ಅವಳು ಮುದ್ದೆ, ಸೊಪ್ಪಿನ ಹುಳಿ, ಪಕ್ಕಕ್ಕೆ ಶೇಂಗಾ ಚಟ್ನಿಪುಡಿ ಬಡಿಸಿದಳು. ರೇಣುಕಾಪ್ರಸಾದ ಚೀಲದಿಂದ ಮಂಡಿಯಲ್ಲಿ ಸ್ಯಾಂಪಲ್ ತೂಗುವ ಪುಟ್ಟ ತಕ್ಕಡಿ ತೆಗೆದು ಮುದ್ದೆಯನ್ನು ಅದರ ಮೇಲಿಟ್ಟ. ಮುನ್ನೂರ ಹತ್ತು ಗ್ರಾಂ. ಫೋನಿನಲ್ಲಿ ತೊಂಬತ್ತು ಗ್ರಾಂ ಎಂದು ಒತ್ತಿದ. ಎದುರಿಗೆ ಕೂತವಳ ಕಣ್ಣು ಅಲ್ಲೇ ಇತ್ತು.

"ಅಣ್ಣ, ತಕ್ಕಡಿ ಮುನ್ನೂರ ಹತ್ತು ಅಂತು. ನೀನು ತೊಂಬತ್ತು ಅಂತ ಬರ್ದೆ."

"ಮುದ್ದೆ ಅಂದ್ರೇನು? ಹಿಟ್ಟು, ನೀರು. ನೀರಿಗೆ ಕ್ಯಾಲೊರಿ ಐತಾ? ನೀರು ತೆಗ್ದೆ."

"ಸರೆ. ಹುಳಿ?"

"ಅದ್ರಾಗೂ ನೀರು ತೆಗ್ದೆ. ಸೊಪ್ಪಿನ ಕಡ್ಡಿ ತೆಗ್ದೆ, ಕರಿಬೇವು ತೆಗ್ದೆ."

"ಚಟ್ನಿಪುಡಿ?"

"ಪುಡಿ ಕಣಮ್ಮ ಅದು, ಊದಿದ್ರೆ ಹಾರೋಯ್ತದೆ. ಅದನ್ನೇನು ಬರೆಯೋದು?"

ಶಿವಲೀಲಾ ಎದ್ದು ನಿಂತಳು. ಸೀರೆಯ ಸೆರಗನ್ನು ಟವೆಲಿನಂತೆ ಹೆಗಲಿಗೆ ಹಾಕಿ, ಹೊಟ್ಟೆ ಮುಂದೆ ಮಾಡಿ, ಅಣ್ಣ ಹರಾಜಿನಲ್ಲಿ ಕೂಗುವ ಗಂಟಲಿನಲ್ಲೇ ಕೂಗಿದಳು. "ಗೋಣಿಗೆ ಒಂದು! ಬೀಜಕ್ಕೆ ಒಂದು! ನೀರಿಗೆ ಒಂದು! ಏನಪ್ಪ ರೈತ, ಸರೇನಾ?" ಅಷ್ಟಕ್ಕೇ ನಿಲ್ಲಿಸಿ ಕೆಳಗೆ ಕೂತಳು. "ನಿನ್ನ ಮುದ್ದೆಗೂ ತರುಗು ಹಾಕ್ಬುಟ್ಟಿದ್ದೀಯ ಕಣಣ್ಣ ನೀನು."

ಅವನ ಫೋನನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದಳು.

"ಆಪು ಬೆಂದ ಮುದ್ದೆಗೆ ಲೆಕ್ಕ ಇಟ್ಟೈತೆ. ಅದ್ರಾಗೆ ನೀರು ಆಗಲೇ ಸೇರೈತೆ. ನೀನು ಮತ್ತೆ ನೀರು ಕಳೀತಿದ್ದೀಯ. ದಿನಕ್ಕೆ ಎಷ್ಟು ಮುದ್ದೆ?"

"ಎರಡು."

"ಅಂದ್ರೆ ತಿನ್ನೋದು ಎರಡು, ಬರೆಯೋದು ಅರ್ಧ ಮುದ್ದೆಗಿಂತ ಒಂದು ತುತ್ತು ಜಾಸ್ತಿ."

ಅವನಿಗೆ ಕಿವಿಯವರೆಗೂ ಬಿಸಿಯೇರಿತು. ತಂಗಿಯ ಮೇಲೆ ಕೋಪ ಮಾಡಿಕೊಳ್ಳುವ ಹಾಗಿರಲಿಲ್ಲ, ಫೋನಿನ ಮೇಲೆ ಮಾಡಿಕೊಂಡ. "ಹಂಗಾದ್ರೆ ಇದ್ಯಾಕೆ ದಿನಾ ಶಭಾಷ್ ಶಭಾಷ್ ಅಂತ ಬೊಗಳ್ತೈತೆ? ಇದಕ್ಕೆ ಗೊತ್ತಾಗಬಾರ್ದಾ? ತೊಂಬತ್ತು ಗ್ರಾಂ ಮುದ್ದೆ ತಿನ್ನೋ ಗಂಡಸು ಇದಾನಾ ಈ ಸೀಮೇಲಿ?"

"ಅದು ಈ ಸೀಮೆ ನೋಡೈತಾ? ನೀನು ಹೇಳಿದ್ದನ್ನೇ ನಿಂಗೆ ತಿರುಗಿಸಿ ಹೇಳ್ತೈತೆ. ರೈತ ಆದ್ರೆ ತರುಗು ಜಾಸ್ತಿ ಆದಾಗ ಜಗಳ ಆಡ್ತಾನೆ. ಇದು ಆಡಲ್ಲ." ಅವಳು ಎಡಗೈಯ ಉಬ್ಬನ್ನು ಸವರಿಕೊಂಡಳು. "ಆರು ವಾರ ಹೋಯ್ತಣ್ಣ. ಆರು ವಾರ ಅಂದ್ರೆ ನಂಗೆ ಹದಿನೆಂಟು ಸಲ ಆ ಕುರ್ಚಿ."

ಇಷ್ಟು ಹೇಳುವಾಗ ಅವಳು ಯಾರ ದನಿಯನ್ನೂ ಅನುಕರಿಸಲಿಲ್ಲ. ಅದು ಅವನಿಗೆ ನಾಟಿತು.

"ನೀನು ಹೆಂಗೆ ಲೆಕ್ಕ ಇಡ್ತೀಯ? ನಿಂಗೂ ದಿನಕ್ಕೆ ಇಷ್ಟೇ ನೀರು ಅಂತ ಲೆಕ್ಕ ತಾನೆ?" ಎಂದು ಮೆಲ್ಲಗೆ ಕೇಳಿದ.

ಅವಳು ಕಿಟಕಿಯಲ್ಲಿದ್ದ ಒಂದು ಲೀಟರಿನ ಬಾಟಲಿಯನ್ನು ತೋರಿಸಿದಳು. ಅರ್ಧ ಖಾಲಿಯಾಗಿತ್ತು. "ನಾನು ಬರೆಯಲ್ಲ. ಬೆಳಗ್ಗೆ ತುಂಬಿಡ್ತೀನಿ. ಒಂದು ಲೋಟ ಕಾಫಿ ಕುಡಿದ್ರೆ ಇದ್ರಾಗಿಂದ ಒಂದು ಲೋಟ ಚೆಲ್ತೀನಿ. ಮಾತ್ರೆ ನುಂಗಕ್ಕೂ ಇದ್ರಾಗೇ. ಖಾಲಿ ಆಯ್ತಾ, ಆಯ್ತು. ಕುಡಿದ್ಮೇಲೆ ಬರೆಯಂಗಿದ್ರೆ ನಾನೂ ಕಳೀತಿದ್ದೆ. ನಾನೂ ಅದೇ ಮನೇಲಿ ಹುಟ್ಟಿದೋಳು ತಾನೆ?"

ಮುದ್ದೆಯಲ್ಲಿ ಅರ್ಧ ಮುರಿದು ರೇಣುಕಾಪ್ರಸಾದ ಪಾತ್ರೆಗೆ ವಾಪಸ್ಸು ಹಾಕಿದ. ಚಟ್ನಿಪುಡಿಯನ್ನು ಪೂರ್ತಿ ತಿಂದ. ಒಂದೇ ದಿನಕ್ಕೆ ಎಲ್ಲ ಆಗುವುದಿಲ್ಲ.

ಹಿಂದೂಪುರಕ್ಕೆ ಬಂದವನು ಹೇಮಾವತಿಗೆ ನಡೆದದ್ದನ್ನೆಲ್ಲ ಹೇಳಿದ, ಆರು ವಾರದಿಂದ ಜೇಬಿನಲ್ಲಿದ್ದ ಚೀಟಿಯನ್ನೂ ಕೊಟ್ಟ. ಅವಳು ಮಾರನೇ ದಿನವೇ ಡಯಟಿಷಿಯನ್ ಮೇಡಂಗೆ ಫೋನ್ ಮಾಡಿದಳು. ಮುದ್ದೆಗೆ ಹಿಟ್ಟು ಯಾವ ಲೋಟದಲ್ಲಿ ಅಳೆಯುತ್ತೀರಿ, ಎಣ್ಣೆ ತಿಂಗಳಿಗೆ ಎಷ್ಟು ಲೀಟರು, ಮನೆಯಲ್ಲಿ ಎಷ್ಟು ಜನ, ಯಜಮಾನರು ಮಂಡಿಗೆ ನಡೆದು ಹೋಗುತ್ತಾರಾ ಗಾಡಿಯಲ್ಲಾ, ಎಂದು ಆ ಮೇಡಂ ಅರ್ಧ ಗಂಟೆ ಕೇಳಿದರು. ಆಪು ಇದರಲ್ಲಿ ಒಂದನ್ನೂ ಕೇಳಿರಲಿಲ್ಲ. ಆಮೇಲೆ ಹೇಮಾವತಿ ಅಟ್ಟದಿಂದ ನಾಲ್ಕು ಡಬ್ಬಿಯ ಸ್ಟೀಲ್ ಕ್ಯಾರಿಯರ್ ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಿದಳು. ತಿಂಡಿ, ಸಣ್ಣ ಮುದ್ದೆ, ಪಲ್ಯ, ಸಂಜೆಗೆ ಹುರಿದ ಕಡಲೆ, ರಾತ್ರಿಯದೂ ಸೇರಿ ದಿನದ್ದೆಲ್ಲ ಅದರೊಳಗೆ. ಅದರ ಹೊರಗೆ ಮಜ್ಜಿಗೆ, ನೀರು ಬಿಟ್ಟರೆ ಏನೂ ಇಲ್ಲ.

"ಇನ್ನು ಮೇಲೆ ಸರಕು ತುಂಬೋಳು ನಾನು. ನಿಮ್ಮ ತಕ್ಕಡಿ ನಿಮ್ಮ ಮಂಡೀಲಿ ಇರ್ಲಿ," ಎಂದಳು.

ಮೊದಲನೇ ದಿನ ಅವನು ನಾಲ್ಕೂ ಡಬ್ಬಿಯನ್ನು ಬೆಳಗ್ಗೆ ಹನ್ನೊಂದಕ್ಕೇ ಮುಗಿಸಿದ. ಉಳಿದ ದಿನವೆಲ್ಲ ಬಜ್ಜಿಯ ಗಾಡಿಗೆ ಬೆನ್ನು ಮಾಡಿ ಕೂತು, ಬಂದ ರೈತರಿಗೆಲ್ಲ ಸಿಡುಕಿದ. ಎರಡನೇ ದಿನ ಮಧ್ಯಾಹ್ನದವರೆಗೆ ತಳ್ಳಿದ. ವಾರ ಕಳೆಯುವಷ್ಟರಲ್ಲಿ ಸಂಜೆ ಐದಕ್ಕೂ ಒಂದು ಡಬ್ಬಿ ಮುಚ್ಚಳ ತೆರೆಯದೆ ಉಳಿಯತೊಡಗಿತು. ತನ್ನ ಗಾಡಿಯನ್ನು ಮನೆಯಲ್ಲೇ ಬಿಟ್ಟು ಮಂಡಿಗೆ ನಡೆದೇ ಹೋಗತೊಡಗಿದ. ಫೋನು ಮಾತ್ರ ದಿನಾ ಕೊರಗುತ್ತಿತ್ತು, ರೇಣುಕಾ ಗಾರು ಕಾಣಿಸುತ್ತಿಲ್ಲ, ರೇಣುಕಾ ಗಾರು ಏನು ತಿಂದರು ಅಂತ. ರೇಣುಕಾ ಗಾರು ತಿಂದದ್ದು ಜಯರಾಮಪ್ಪನಿಗೂ ಗೊತ್ತಿತ್ತು. ಅವನು ಡಬ್ಬಿ ಎಣಿಸುತ್ತಿದ್ದ.

ನಡುವೆ ಒಂದು ಮದುವೆ ಬಂತು, ಒಬ್ಬಟ್ಟು ಬಂತು, ಒಂದೂವರೆ ಕಿಲೋ ವಾಪಸ್ಸು ಬಂತು. ಹೇಮಾವತಿ ಬೈಯಲಿಲ್ಲ. ಮರುದಿನ ಎಂದಿನಂತೆ ಅದೇ ಕ್ಯಾರಿಯರ್ ತುಂಬಿದಳು. ಎರಡು ವಾರಕ್ಕೆ ಆ ಒಂದೂವರೆಯೂ ಹೋಯಿತು, ಅದರ ಜೊತೆ ಇನ್ನೊಂದು ಕಿಲೋ ಹೋಯಿತು.

ಮೂರು ತಿಂಗಳು ಎಂದವನು ನಾಲ್ಕೂ ತಿಂಗಳು ತೆಗೆದುಕೊಂಡ. ಬೆಂಗಳೂರಿನ ಮೆಷಿನ್ನಿನ ಮೇಲೆ ಎಂಬತ್ತಮೂರು ಕಿಲೋ ಮುನ್ನೂರು ಗ್ರಾಂ ಎಂದು ಬಂದಾಗ ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ಹತ್ತಿಸಿದರು. ಎಂಬತ್ತಮೂರು ಮುನ್ನೂರೇ. ರಕ್ತ, ಮೂತ್ರ, ಹೃದಯ ಎಲ್ಲವನ್ನೂ ಮತ್ತೆ ನೋಡಿ ಸಹಿ ಹಾಕಿದರು. ಉಳಿದದ್ದು ಆಸ್ಪತ್ರೆಯ ಕಮಿಟಿ ಮಾತ್ರ. ಅಂಗ ಕೊಡುವವರನ್ನು ಒಬ್ಬರನ್ನೇ ಕೂರಿಸಿ, ವಿಡಿಯೋ ಇಟ್ಟು, ಸ್ವಂತ ಮನಸ್ಸಿನಿಂದ ಕೊಡುತ್ತಿದ್ದಾರೋ ಇಲ್ಲವೋ ಎಂದು ಕೇಳುತ್ತಾರೆ.

ಶಿವಲೀಲಾ, ಹೇಮಾವತಿ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತರು. ಒಳಗೆ ಮೇಜಿನ ಆ ಕಡೆ ಮೂವರಿದ್ದರು. ಹೆಸರು, ಊರು, ಸಂಬಂಧ ಎಲ್ಲ ಕೇಳಿದ ಮೇಲೆ ನಡುವೆ ಕೂತಿದ್ದ ಹಿರಿಯರು ಕಾಗದ ನೋಡಿ ಓದಿದರು. "ಈ ವಿಷಯದಲ್ಲಿ ನಿಮ್ಮ ಮೇಲೆ ಯಾರಾದರೂ ಒತ್ತಡ ಹಾಕಿದ್ದಾರೆಯೇ?"

"ಹಾಕವ್ರೆ ಸಾರ್," ಎಂದ ರೇಣುಕಾಪ್ರಸಾದ.

ಮೂರೂ ತಲೆಗಳು ಒಟ್ಟಿಗೆ ಮೇಲೆದ್ದವು. "ಯಾರು?"

"ನನ್ನ ಹೆಂಡ್ತಿ, ನನ್ನ ತಂಗಿ. ಇಬ್ರೂ ಹೊರಗೇ ಕೂತವ್ರೆ. ಎರಡೂವರೆ ತಿಂಗಳಿಂದ ಒಂದು ಬಜ್ಜಿ ತಿನ್ನಾಕೆ ಬಿಟ್ಟಿಲ್ಲ ಸಾರ್ ನನ್ನ."

"ನಾವು ಕೇಳಿದ್ದು ಕಿಡ್ನಿ ವಿಷಯ."

"ಅದಾ? ಅದಕ್ಕೆ ಯಾರೂ ಏನೂ ಅಂದಿಲ್ಲ. ಅದು ನಂದೇ."

ಹಿರಿಯರು ನಗು ತಡೆದುಕೊಂಡು, ಕಿಡ್ನಿ ಕೊಡಲು ಒತ್ತಡ ಇದೆಯೇ, ಇನ್ನೊಂದು ಸಲ ಬರೀ ಹೌದು ಅಥವಾ ಇಲ್ಲ ಎಂದು ಹೇಳಿ, ರೆಕಾರ್ಡ್ ಆಗಬೇಕು ಎಂದರು. ರೇಣುಕಾಪ್ರಸಾದ ಅಂಗಿಯ ಕಾಲರ್ ಸರಿಮಾಡಿಕೊಂಡ. ಮೊದಲು ಬಿಗಿಯಾಗಿದ್ದ ಆ ಕಾಲರಿನೊಳಗೆ ಈಗ ಎರಡು ಬೆರಳು ಹೋಗುತ್ತಿದ್ದವು. ಕ್ಯಾಮರಾವನ್ನು ನೇರವಾಗಿ ನೋಡಿ, "ಇಲ್ಲ," ಎಂದ.