ಗೋಣಿಚೀಲಕ್ಕೆ ತುಂಬಿದ ನೋವು

ನನ್ನ ಹೆಂಡತಿ ಪಾಪಮ್ಮನ ನೋವನ್ನು ನಾನು ಈ ಎರಡು ಕೈಯಲ್ಲೇ ಹಿಡಿದು, ಗೋಣಿಚೀಲಕ್ಕೆ ತುಂಬಿ, ಬಾಯಿ ಹೊಲಿದು, ದೇವರಮನೆ ಗುಡ್ಡದ ನೆತ್ತಿಯಿಂದ ಉರುಳಿಸಿದೆ. ಅದು ಬಿದ್ದ ಸದ್ದಿಗೆ ಗೋಣಿಬೀಡಿನ ಅಂಗಡಿಗಳಲ್ಲಿ ಲೋಟಗಳು ಕುಣಿದವು.

ಅವಳನ್ನು ನೋಡಲು ಬಂದಿದ್ದ ಗೆಳೆಯ ಗುರುವಯ್ಯನಿಗೂ ಇದನ್ನೇ ಹೇಳಿದೆ.

"ಚನ್ನಕೇಶವ, ಬುರುಡೆ ಸ್ವಲ್ಪ ಕಡಿಮೆ ಬಿಡು ಮಾರಾಯ," ಅಂದ.

"ಕೇಳು. ಕ್ಯಾನ್ಸರ್ ಸೊಂಟದ ಮೂಳೆಗೆ ಇಳಿದಿತ್ತು. ಮಾರ್ಫಿನ್ ಕೊಟ್ರು, ಮೊದಲು ಆರಾಮಾಯ್ತು. ಆಮೇಲೆ ಡೋಸ್ ಏರಿಸಿದ ಹಾಗೆಲ್ಲ ನೋವೂ ಏರ್ತು, ಮೈಯೆಲ್ಲ ಹರಡ್ತು. ಕಂಬಳಿ ತಾಗಿದ್ರೆ ಕಿರುಚೋಳು. ನಾನು ಕೈ ಹಿಡಿದ್ರೂ ಎಳ್ಕೊಳ್ಳೋಳು. ಧಾರೆಯಲ್ಲಿ ಹಿಡಿದ ಕೈ ಮಾರಾಯ!"

"ಆಮೇಲೆ?"

"ಡಾಕ್ಟರ್ ಸೌಜನ್ಯ ಅವ್ರಿಗೆ ನಾನೇ ಪಾಠ ಮಾಡಿದೆ. ಗೊಬ್ಬರ ಜಾಸ್ತಿಯಾದ್ರೆ ಕಾಫಿ ಗಿಡ ಸುಡುತ್ತೆ ಮೇಡಂ, ಔಷಧಿ ಇಳಿಸಿ ಅಂದೆ. ಅವ್ರು ಎದ್ದು ನಿಂತು ಕೈ ಮುಗಿದ್ರು."

ಒಳಗಿಂದ ನಗು ಕೇಳಿತು. ಗೋಡೆ ಹಿಡಿದುಕೊಂಡು ಪಾಪಮ್ಮ ಹೊರಗೆ ಬಂದಳು.

"ಗುರುವಯ್ಯಣ್ಣ, ಯೂರಿಯಾ ಸುರಿದೂ ಸುರಿದೂ ಹಳ್ಳದ ಪಕ್ಕದ ಗಿಡ ಸುಟ್ಟೋರು ಯಾರು ಅಂತ ಕೇಳಿ. ಆಸ್ಪತ್ರೇಲೂ ಅದೇ ಬುದ್ಧಿ. ನೋವು ಜಾಸ್ತಿಯಾಗಿದೆ, ಡೋಸ್ ಡಬಲ್ ಮಾಡಿ ಅಂತ ಡಾಕ್ಟ್ರ ಹತ್ರ ಜಗಳ! ಇದು ಹಳೇ ನೋವಲ್ಲ, ತಲೆ ಬಾಚಿದ್ರೂ ಉರಿಯುತ್ತೆ ಅಂತ ಹೇಳಿದ್ದು ನಾನು. ಕೆಲವರಿಗೆ ಈ ಔಷಧಿಯೇ ನೋವನ್ನ ಚುರುಕು ಮಾಡಿಬಿಡುತ್ತೆ ಅಂದ್ರು ಅವ್ರು. ಮೆಲ್ಲಗೆ ಅದನ್ನ ಇಳಿಸಿ, ಬೇರೆ ಔಷಧಿ ಸೇರಿಸಿದ್ರು."

"ಮತ್ತೆ ಗೋಣಿಚೀಲ?" ಗುರುವಯ್ಯ ಬಿಡಲಿಲ್ಲ.

"ಅಟ್ಟದ ಮೇಲಿದೆ. ರೀ, ಚಳಿ ಆಗ್ತಿದೆ, ಅದ್ರಲ್ಲಿರೋ ನನ್ನ ಕಂಬಳಿ ಇಳಿಸಿಕೊಡಿ."

ಗುರುವಯ್ಯ ಬಿದ್ದು ಬಿದ್ದು ನಕ್ಕ. ನಾನು ಏಣಿ ಹತ್ತಿ, ಇಲಿ ಕಡಿಯದಿರಲೆಂದು ನಾನೇ ಹೊಲಿದಿಟ್ಟಿದ್ದ ಚೀಲ ಇಳಿಸಿ, ಹೊಲಿಗೆ ಬಿಚ್ಚಿದೆ. ಹೆದರುತ್ತಲೇ ಕಂಬಳಿಯನ್ನು ಅವಳ ಹೆಗಲಿಗೆ ಹೊದಿಸಿದೆ. ಅವಳು ಕಿರುಚಲಿಲ್ಲ. "ಥೂ, ಒಣಗದ ಕಾಫಿ ವಾಸನೆ," ಎಂದು ಮೂಗು ಮುರಿದಳು. ಹೆಗಲ ಮೇಲಿದ್ದ ನನ್ನ ಕೈಯನ್ನು ಮಾತ್ರ ಹಿಡಿದುಕೊಂಡಳು.

"ಈಗ ನಿಜ ಹೇಳಿ," ಅಂದಳು.

"ದೇವರಮನೆ ಕಡೆ ತಲೇನೂ ಹಾಕಿಲ್ಲ ಗುರುವಯ್ಯ. ಡೋಸ್ ಇಳಿಸ್ತೀವಿ ಅಂದಾಗ ಇವಳು ನರಳಿ ನರಳಿ ಸಾಯ್ತಾಳೆ ಅಂತ ಜೀಪಲ್ಲಿ ಕೂತು ಅತ್ತುಬಿಟ್ಟೆ. ಕಾಯಿಲೆ ಇನ್ನೂ ಇದೆ. ಕೈ ಹಿಡಿಯೋಕೆ ಬಿಡ್ತಾಳೆ, ಅಷ್ಟೇ."

"ಎಷ್ಟು ಅತ್ತಿರಬಹುದು?" ಗುರುವಯ್ಯ ಕೇಳಿದ.

"ಹೇಮಾವತಿ ದಡ ಮೀರೋಷ್ಟು."

ಪಾಪಮ್ಮ ಕೈ ಚಿವುಟಿದಳು.

"ಆಯ್ತು ಮಾರಾಯ್ತಿ, ಆಯ್ತು! ಒಂದು ಕರ್ಚೀಫು ಒದ್ದೆಯಾಗೋಷ್ಟು."