ಅಪ್ಪನ ಗರಗಸದ ಒಳಗೆ

ಬೆರಳಿಗೆ ಅಂಟು, ಗೋಂದಿನ ಹಾಗೆ ಎಳೆದರೆ ನೂಲು ಬರುವ ಹಳೆಯ ಎಣ್ಣೆ — ಇದು ಇಲ್ಲಿರಬಾರದಾಗಿತ್ತಲ್ಲ, ಹತ್ತೊಂಬತ್ತು ವರ್ಷದಿಂದ ಈ ಮನೆಯಲ್ಲಿ ಎಲ್ಲರೂ ಹೇಳಿಕೊಂಡು ಬಂದ ಪ್ರಕಾರ ಈ ಗರಗಸದ ಇಂಜಿನ್ನಿನ ತಳ ಒಣಗಿ ಬರಡಾಗಿರಬೇಕಿತ್ತು, ನನ್ನ ತಮ್ಮ ಪೆಟ್ರೋಲಿಗೆ ಎಣ್ಣೆ ಬೆರೆಸದೆ ಕೊಟ್ಟ, ಅದಕ್ಕೇ ಪಿಸ್ಟನ್ ಕಚ್ಚಿಕೊಂಡು ಗರಗಸ ಮರದ ಮೇಲೆಯೇ ನಿಂತಿತು, ಅರ್ಧ ಕೊಯ್ದ ಕೊಂಬೆ ಸೀಳಿ ಅಪ್ಪನ ಭುಜದ ಮೇಲೆ ಬಿತ್ತು, ಅಪ್ಪ ಹಾಗಂದರು, ನಾವು ನಂಬಿದೆವು. ಕೈ ಒರೆಸಿಕೊಂಡು ಮತ್ತೆ ಬೆರಳು ಹಾಕುತ್ತೇನೆ, ಮತ್ತೆ ಎಣ್ಣೆ. ಗೋಡೆಯ ಆಚೆಯಿಂದ ಅಪ್ಪ, ಏನಮ್ಮಾ, ಬಿಚ್ಚಿದ್ಯಾ ಪೂರ್ತಿ, ಬಿಚ್ಚಿದೆ ಅಪ್ಪ, ಹುಷಾರು, ಸಣ್ಣ ಸ್ಕ್ರೂಗಳನ್ನ ಬಟ್ಲಲ್ಲಿ ಹಾಕ್ಕೋ. ವಾರವಿಡೀ ಅಂಗಡಿಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡಿ ಹೊಟ್ಟೆ ಹೊರೆಯುವವಳಿಗೆ ಅಪ್ಪ ಸ್ಕ್ರೂ ಪಾಠ ಹೇಳುತ್ತಾರೆ, ನಗು ಬರುತ್ತದೆ, ನಗಲಾಗುವುದಿಲ್ಲ. ಹನ್ನೊಂದೂಕಾಲು. ತಮ್ಮ ಹನ್ನೆರಡಕ್ಕೆ ಬರುತ್ತಾನೆ, ಸಂಜೆಯೊಳಗೆ ಇದನ್ನೆಲ್ಲ ಜೋಡಿಸಿ ಸ್ಟಾರ್ಟ್ ಮಾಡಬೇಕು.

ಶುರುವಾಗಿದ್ದು ಸುಮ್ಮನೆ, ಹವ್ಯಾಸಕ್ಕೆ, ಮೆಟ್ಟಿಲ ಕೆಳಗೆ ಗೋಣಿಯಲ್ಲಿ ಕಟ್ಟಿಟ್ಟಿದ್ದ ಗರಗಸ, ಆವತ್ತಿನಿಂದ ಅಪ್ಪ ಯಾರಿಗೂ ಮುಟ್ಟಗೊಡದೆ ಇಟ್ಟದ್ದು, ಅರವತ್ತು ವರ್ಷ ಹಳೆಯದು, ಈಗ ಯಾರೂ ಮಾಡದ ಭಾರದ ಲೋಹ — ಭಾನುವಾರಕ್ಕೊಂದು ಭಾಗ ಅಂತ ಬಿಚ್ಚಿ ಉಜ್ಜುತ್ತ ಕೂತೆ, ರಜದಲ್ಲೂ ಸ್ಪ್ಯಾನರ್ರಾ, ನಿನಗೇನು ತಲೆ ಕೆಟ್ಟಿದೆಯಾ ಅಂತ ನನ್ನ ಗಂಡ, ಕೆಟ್ಟಿದೆ ಏನೀಗ ಅಂತ ನಾನು. ಕಾರ್ಬೊರೇಟರ್ ತೊಳೆದು ಕೆಂಪು ಕವಚಕ್ಕೆ ಹೊಳಪು ಬಂದ ದಿನ ಅಪ್ಪ ಕೋಲೂರಿಕೊಂಡು ಬಂದು ಒಂದೇ ಕೈಯಲ್ಲಿ ಅದನ್ನು ಸವರಿದರು, ಇನ್ನೊಂದು ಕೈ ಎಂದಿನ ಹಾಗೆ ಪಕ್ಕಕ್ಕೆ ನೇತಾಡುತ್ತಿತ್ತು, ಅವನನ್ನೂ ಕರಿ, ಸ್ಟಾರ್ಟ್ ಆದಾಗ ಕೇಳಲಿ ಅಂದರು. ಅವನು ಅಂದರೆ ತಮ್ಮ. ಅಪ್ಪನ ಬಾಯಲ್ಲಿ ಅವನ ಮಾತು ಬಂದು ಎಷ್ಟು ವರ್ಷವಾಗಿತ್ತೋ, ಆರು ಸಲ ಫೋನ್ ಮಾಡಿದೆ, ಆರನೆಯ ಸಲ ನೋಡ್ತೀನಕ್ಕಾ ಅಂದ. ಮರ ಹತ್ತುವುದರಲ್ಲಿ ಅವನಷ್ಟು ಚುರುಕಿನವನು ಮರ ಕೊಯ್ಯುವ ಕೆಲಸದಲ್ಲಿ ಅಪ್ಪನ ಕೈಕೆಳಗೆ ಇನ್ನೊಬ್ಬನಿರಲಿಲ್ಲ, ಆವತ್ತಿನ ನಂತರ ಅಪ್ಪ, ನೀನು ಇನ್ನು ಮೇಲೆ ನನ್ನ ಸಾಮಾನು ಮುಟ್ಟಬೇಡ ಅಂದುಬಿಟ್ಟರು, ಅವನು ಮುಟ್ಟಲಿಲ್ಲ, ಊರಿನ ಇನ್ನೊಂದು ತುದಿಗೆ ಹೋಗಿ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸಕ್ಕೆ ಸೇರಿದ. ಎಣ್ಣೆ ಬೆರೆಸಿದ ಕ್ಯಾನಿನ ಕುತ್ತಿಗೆಗೆ ಕೆಂಪು ಬಟ್ಟೆ ಕಟ್ಟಬೇಕು ಅನ್ನುವುದು ಅಪ್ಪನ ನಿಯಮ, ಬಟ್ಟೆ ಕಟ್ಟಿತ್ತು ಆವತ್ತು, ನಾನೇ ನೋಡಿದ್ದೆ, ಬೆರೆಸದೇನೇ ಕಟ್ಟಿದಾನೆ ಸೋಮಾರಿ ಅಂತ ಆಸ್ಪತ್ರೆಯ ಮಂಚದಿಂದ ಅಪ್ಪ, ಬೆರೆಸಿದ್ದೆ ಅಪ್ಪ, ಆಣೆಗೂ ಬೆರೆಸಿದ್ದೆ ಅಂತ ಬಾಗಿಲಲ್ಲಿ ನಿಂತು ತಮ್ಮ, ನಾನು ನಡುವೆ ನಿಂತು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದೆ.

ಎಣ್ಣೆ ಇತ್ತು ಅಂದರೆ ಕಚ್ಚಿಕೊಂಡದ್ದು ಯಾಕೆ, ಪಿಸ್ಟನ್ ಮೇಲೆ ಗೀರು ಗೀರು, ಕಾದಿದೆ, ಗಾಳಿ ಎಳೆದುಕೊಂಡಿದೆ ಎಲ್ಲಿಂದಲೋ, ಗಾಳಿ ಹೆಚ್ಚಾದರೆ ಎಣ್ಣೆ ಇದ್ದರೂ ಕಾದು ಕಚ್ಚಿಕೊಳ್ಳುತ್ತದೆ, ಎಲ್ಲಿಂದ — ಟಾರ್ಚ್ ಹಾಕಿ ನೋಡುತ್ತೇನೆ, ಪಿಸ್ಟನ್ ಕೆಳಗಿನ ದಂಡ ಕ್ರ್ಯಾಂಕು, ಅದರ ಬಲಗಡೆ ಹೊರಗಾಳಿ ತಡೆಯುವ ಆಯಿಲ್ ಸೀಲು, ನಾಣ್ಯದಗಲದ ಕರಿ ರಬ್ಬರಿನ ಬಳೆ, ಒಂದು ಮುಖ ಚಪ್ಪಟೆ, ಇನ್ನೊಂದು ಮುಖದಲ್ಲಿ ತುಟಿ, ಆ ತುಟಿ ಇಂಜಿನ್ನಿನ ಒಳಗೆ ನೋಡಬೇಕು, ಎಡಗಡೆಯದು ಒಳಗೇ ನೋಡುತ್ತಿದೆ, ಇದು ಹೊರಗೆ, ನನ್ನನ್ನೇ ನೋಡುತ್ತಿದೆ. ತಿರುಗಿಸಿ ಕೂರಿಸಿದ್ದಾರೆ ಯಾರೋ. ಯಾರೋ ಏನು ಬಂತು. ಅಪಘಾತಕ್ಕೆ ಐದು ದಿನ ಮೊದಲು, ಅಡುಗೆಮನೆಯ ಹಿಂದೆ, ಬಾರಮ್ಮಾ ಇಲ್ಲಿ, ನಿನ್ನ ಬೆರಳು ಸಣ್ಣದು, ಈ ಹೊಸ ಸೀಲು ನೀನೇ ಕೂರಿಸು, ಅಪ್ಪ ಎಡಗಡೆಯದನ್ನು ಹಾಕಿ ಎದ್ದು ಯಾರದೋ ಫೋನಿಗೆ ಹೋದರು, ನಾನು ಹೆಮ್ಮೆಯಿಂದ ಕೂರಿಸಿದೆ, ಹೆಬ್ಬೆರಳಿಂದ ಒತ್ತಿ ಒತ್ತಿ, ಚಪ್ಪಟೆ ಮುಖ ಒಳಗೆ, ಹಾಗೇ ಚೆನ್ನಾಗಿ ಕೂರುತ್ತದೆ ಅನ್ನಿಸಿತು, ಹೊಲಿಗೆ ಯಂತ್ರದಲ್ಲಿ ನಾನು ಹಾಕುತ್ತಿದ್ದದ್ದು ಫೆಲ್ಟಿನ, ಒತ್ತಿದ ಉಣ್ಣೆಯ ಉಂಗುರ, ಅದಕ್ಕೆ ಹಿಂದು ಮುಂದು ಇಲ್ಲ, ಎರಡು ಮುಖವೂ ಒಂದೇ, ಅದೇ ಅಭ್ಯಾಸ, ಕೇಳಬಹುದಿತ್ತು, ಕೇಳಲಿಲ್ಲ, ಎಲ್ಲ ಗೊತ್ತು ಅನ್ನುವ ಜಂಬ. ಆಯ್ತಾ ಅಂದರು ಅಪ್ಪ, ಆಯ್ತು ಅಂದೆ, ಭೇಷ್ ಅಂದರು.

ಕೊಕ್ಕೆ ಹಾಕಿ ಸೀಲು ಕಿತ್ತೆ, ಸುಲಭವಾಗಿ ಬಂತು, ಅಂಗೈಯಲ್ಲಿ ಭಾರವೇ ಇಲ್ಲ, ಹೊಸ ಸೀಲು ಹೊಸ ಪಿಸ್ಟನ್ ಡಬ್ಬಿಯಲ್ಲಿ ತಯಾರಿವೆ, ಇದನ್ನು ಕಸದ ಬುಟ್ಟಿಗೆ ಹಾಕಿದರೆ ಹರಹರಾ ಅಂದರೂ ಯಾರಿಗೂ ಗೊತ್ತಾಗುವುದಿಲ್ಲ, ಗರಗಸ ಗುಡುಗುತ್ತದೆ, ಅಪ್ಪ ಅಳುತ್ತಾರೆ, ತಮ್ಮ ಊಟ ಮಾಡಿ ಹೋಗುತ್ತಾನೆ. ಇಲ್ಲ, ಅರ್ಧ ಹೇಳುತ್ತೇನೆ, ಒಳಗೆ ಎಣ್ಣೆ ಇತ್ತು, ಸೀಲು ಸವೆದಿತ್ತು, ಯಾರ ತಪ್ಪೂ ಅಲ್ಲ, ಅವನೂ ಬಚಾವು ನಾನೂ ಬಚಾವು — ಸವೆದಿತ್ತಾ, ಐದು ದಿನದ ಸೀಲು ಅದ್ಹೇಗಮ್ಮಾ ಸವೆಯುತ್ತೆ, ಅಪ್ಪ ಕೇಳಿಯೇ ಕೇಳುತ್ತಾರೆ, ತೋರಿಸು ಅನ್ನುತ್ತಾರೆ, ಭುಜ ಹೋಗಿದೆ, ಬುದ್ಧಿ ಹೋಗಿಲ್ಲ. ಆ ಭುಜ. ಅಂಗಿಯ ತೋಳಿಗೆ ಅವರ ಕೈ ತೂರಿಸಿ ಗುಂಡಿ ಹಾಕುವವಳು ನಾನು, ದಿನಾ ಬೆಳಿಗ್ಗೆ, ನನ್ನ ಬಂಗಾರ ನೀನು, ಅವನಿಗೆ ನಿನ್ನ ಅರ್ಧ ಜವಾಬ್ದಾರಿ ಇದ್ದಿದ್ರೆ ಅಂತ ಅವರು, ಸುಮ್ಮನಿರಪ್ಪ ಅಂತ ನಾನು, ಒಳಗೊಳಗೆ ಖುಷಿಪಟ್ಟಿದ್ದೇನೆ, ಸುಳ್ಳೇಕೆ, ಆ ಮಾತು ಕೇಳಲು ಇಷ್ಟವಿತ್ತು ನನಗೆ. ಸೀಲು ಅಂಗೈಯಲ್ಲಿ, ತುಟಿ ಮೇಲೆ. ಮುಷ್ಟಿ ಮುಚ್ಚುತ್ತೇನೆ.

ಗೇಟಿನ ಸದ್ದು, ಆಗಲೇ ಬಂದನಾ, ಹನ್ನೊಂದೂಮುಕ್ಕಾಲಷ್ಟೇ, ಚಪ್ಪಲಿ ಬಿಡುತ್ತಿದ್ದಾನೆ, ಬಸ್ ಸಿಕ್ತೇನೋ ಅಂತ ಅಪ್ಪ, ಸಿಕ್ತಪ್ಪ, ಕೂತ್ಕೋ, ಕುರ್ಚಿ ಎಳೆದ ಸದ್ದು, ನಾನು ಹೋಗಬೇಕು. ತಮ್ಮ ಕೆಮ್ಮುತ್ತಾನೆ. ಅಪ್ಪಾ, ದಾರಿಯುದ್ದಕ್ಕೂ ಯೋಚನೆ ಮಾಡ್ಕೊಂಡು ಬಂದೆ, ಆವತ್ತು ಎಣ್ಣೆ ಬೆರೆಸಿದ್ನೋ ಇಲ್ವೋ ಈಗ ನಂಗೇ ಗೊತ್ತಿಲ್ಲ, ಮರ್ತಿದ್ದೆ ಅಂತ ಕಾಣುತ್ತೆ, ನೀನು ಹೇಳಿದ್ದೇ ಸರಿ, ಕ್ಷಮಿಸ್ಬಿಡು. ಅಪ್ಪನ ದನಿ ಇಷ್ಟು ಮೆತ್ತಗೆ ಎಂದೂ ಕೇಳಿಲ್ಲ ನಾನು, ಹೋಗ್ಲಿ ಬಿಡೋ, ಯಾವತ್ತೋ ಕ್ಷಮಿಸಿದೀನಿ. ಅಯ್ಯೋ ದೇವರೇ, ಮಾಡದ ತಪ್ಪನ್ನು ಮಾಡಿದೆ ಅಂತ ನಂಬಿಕೊಂಡು ಬಂದಿದ್ದಾನೆ, ಆಣೆ ಹಾಕಿದವನು, ಆ ಆಣೆಯನ್ನೂ ಕಿತ್ತುಕೊಂಡೆವು ಅವನಿಂದ. ಎದ್ದಿದ್ದೇನೆ, ಹೊಸ್ತಿಲು ದಾಟಿದ್ದೇನೆ, ಇಬ್ಬರೂ ನನ್ನತ್ತ, ಏನಮ್ಮಾ, ಸಂಜೆಯೊಳಗೆ ಸ್ಟಾರ್ಟ್ ಆಗುತ್ತಾ, ಅಪ್ಪನ ಕಣ್ಣು ಒದ್ದೆ, ತಮ್ಮನ ಕೂದಲು ಬೆಳ್ಳಗಾಗಿದೆ, ಮುಷ್ಟಿ ಬಿಚ್ಚುತ್ತೇನೆ, ಅಪ್ಪಾ, ಕೈ ಚಾಚು, ಇದು ಬಲಗಡೆಯ ಸೀಲು, ತುಟಿ ಹೊರಗಿತ್ತು, ಕೂರಿಸಿದ್ದು ನಾನು, ಒಳಗೆ ಎಣ್ಣೆ ಇನ್ನೂ ಇದೆ, ಬೇಕಾದ್ರೆ ನೋಡು. ಅಪ್ಪ ನೋಡುವುದು ನನ್ನನ್ನಲ್ಲ, ಅದನ್ನು, ಹೆಬ್ಬೆರಳಿನಿಂದ ತುಟಿಯ ಸುತ್ತ ಸವರುತ್ತಾರೆ, ತಮ್ಮ ಕುರ್ಚಿಯಿಂದ ಎದ್ದಿದ್ದಾನೆ, ಹಾಗಾದ್ರೆ ಬೆರೆಸಿದ್ದೆ ನಾನು, ಅಂತಾನೆ, ಯಾರಿಗೂ ಅಲ್ಲ, ಬೆರೆಸಿದ್ದೆ ಅಲ್ವಾ ಅಕ್ಕಾ, ಮತ್ತೆ, ಬೆರೆಸಿದ್ದೆ, ಅಪ್ಪನ ಹೆಬ್ಬೆರಳು ನಿಲ್ಲುವುದಿಲ್ಲ, ಕರಿ ಬಳೆ, ಅದರ ತುಟಿ, ಅದರ ಮೇಲೆ ಆ ಹೆಬ್ಬೆರಳು, ಒಂದು ಸುತ್ತು, ಇನ್ನೊಂದು ಸುತ್ತು, ಇನ್ನೊಂದು